ಪಕ್ಕದ ಬಾಗಿಲಿದ್ದ ಮನೆ

ಭಾವನವರ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಮನೆ ಕೊಳ್ಳುತ್ತಿದ್ದವಳು ಅವಳು, ದುಡಿಮೆ ಅವಳದು. ಆದರೂ ಗಂಡನ ಅಣ್ಣನೆಂಬ ಒಂದೇ ಅರ್ಹತೆಯ ಮೇಲೆ ಅವರು ಪ್ರತಿ ಮನೆಗೂ ಎಲ್ಲರಿಗಿಂತ ಮುಂಚೆ ಕಾಲಿಟ್ಟು, ಕಲ್ಲಂಗಡಿ ಕೊಳ್ಳುವವರ ಹಾಗೆ ಗೋಡೆಗಳನ್ನು ಕುಟ್ಟಿ ನೋಡಿ ತಲೆಯಾಡಿಸುತ್ತಿದ್ದರು. ಗಂಡ ಅವರ ಬೆನ್ನ ಹಿಂದೆ ನಿಂತು ತಾನೂ ತಲೆಯಾಡಿಸುತ್ತಿದ್ದ. ಅಣ್ಣನೆದುರು ಅವನು ತುಟಿ ಪಿಟಕ್ಕೆಂದದ್ದನ್ನು ಮದುವೆಯಾದಾಗಿನಿಂದ ಅವಳು ಕಂಡಿರಲಿಲ್ಲ.

ಅವಳ ಕಸುಬು ಮಾತು. ತೊದಲುವವರು, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರು, ಆಡುವ ವಯಸ್ಸಾದರೂ ಬಾಯಿ ಬಿಡದ ಮಕ್ಕಳು ಅವಳಲ್ಲಿಗೆ ಚಿಕಿತ್ಸೆಗೆ ಬರುತ್ತಿದ್ದರು. ಬಂದವರು ಅವಳನ್ನು ‘ಮಾತಿನ ಡಾಕ್ಟರು’ ಎನ್ನುತ್ತಿದ್ದರು. ಭಾವನವರ ಬಾಯಲ್ಲಿ ಅದು ‘ತೊದಲು ಟ್ಯೂಷನ್’. ಸದ್ಯಕ್ಕೆ ಅವಳಿಗಿದ್ದದ್ದು ಬಡಗಿಯ ಅಂಗಡಿಯ ಮೇಲಿನ ಬಾಡಿಗೆ ಕೋಣೆ. ಕೆಳಗೆ ಮರ ಕುಯ್ಯುವ ಯಂತ್ರ ಕಿರುಚಿದರೆ ಸಾಕು, ಮೇಲೆ ಆಗಷ್ಟೇ ಒಂದು ಪದಕ್ಕೆ ಬಾಯಿ ತೆರೆದವರು ಬೆಚ್ಚಿ ಮುಚ್ಚಿಬಿಡುತ್ತಿದ್ದರು. ಅದಕ್ಕೇ ಮನೆಯೂ ಕೆಲಸವೂ ಒಂದೇ ಸೂರಿನಡಿ ನಡೆಯುವಂಥ ಜಾಗ ಬೇಕಿತ್ತು: ಸದ್ದಿಲ್ಲದ ಬೀದಿ, ಮಾತು ಹೊರಗೆ ಸೋರದ ಕೋಣೆ, ಬಂದವರು ಮನೆಯವರ ಊಟದ ಮೇಜು ದಾಟದೆ ಒಳಬರಲು ಬೇರೆ ಬಾಗಿಲು.

ದಲ್ಲಾಳಿಯ ತಲೆಗೆ ಇದಾವುದೂ ಹೋಗಲಿಲ್ಲ. ಒಂದು ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡು ತೋರಿಸಿ, “ಇಲ್ಲೇ ಕೂರಿಸ್ಕೊಳಿ ಮೇಡಂ, ಬರೀ ಮಾತಾಡೋಕೆ ಎಷ್ಟು ಜಾಗ ಬೇಕು?” ಎಂದ.

“ನಿಮಗೆ ಊರೇ ಸಾಲ್ತಿಲ್ಲವಲ್ಲ,” ಎಂದಳು ಅವಳು.

ಕೊನೆಗೊಂದು ಮನೆ ಸಿಕ್ಕಿತು. ಮುಂದಿನ ಕೋಣೆಯಲ್ಲಿ ನಿಂತು ಅವಳು ಚಪ್ಪಾಳೆ ತಟ್ಟಿದಳು. ಸದ್ದು ಎಲ್ಲಿಯೂ ಮೊಳಗದೆ ಅಲ್ಲೇ ಅಡಗಿತು. ಕೋಣೆಗೆ ಪಕ್ಕದಲ್ಲೊಂದು ಬಾಗಿಲು, ಅದರಾಚೆ ಬೀದಿಗೆ ಹೋಗುವ ಕಿರಿದಾದ ಓಣಿ. ಒಳಗೊಳಗೇ ಹಿಗ್ಗಿದಳು. ಭಾವನೆದುರು ಹಿಗ್ಗು ತೋರಿಸುವಷ್ಟು ದಡ್ಡಿಯಾಗಿರಲಿಲ್ಲ.

ಮನೆಯ ಯಜಮಾನರು ಕಿಟಕಿಯ ಬಳಿ ನಿಂತಿದ್ದರು, ತಲೆ ನರೆತ ಒಬ್ಬಂಟಿ ಮನುಷ್ಯ. ಬಾಗಿಲ ಕಡೆ ಕೈ ತೋರಿಸಿ ಏನೋ ಹೇಳಹೊರಟರು. “ಆ ಓ... ಓ...”

“ಓಡಾಡೋಕೆ ಅನುಕೂಲ!” ಎಂದರು ಭಾವ. “ಗೊತ್ತಾಯ್ತು ಬಿಡಿ.”

ಯಜಮಾನರು ಅಲ್ಲವೆಂದು ತಲೆಯಾಡಿಸಿದರು. ಕತ್ತಿನ ನರ ಉಬ್ಬಿತು. “ಪ... ಪ...”

“ಪತ್ರ ಎಲ್ಲಾ ಸರಿಯಾಗಿದೆ ಅಂತಿದ್ದಾರೆ,” ಎಂದು ದಲ್ಲಾಳಿ ಹಲ್ಲು ಕಿರಿದ. “ಪಾಪ, ಅವರಿಗೆ ಮಾತು ಕಷ್ಟ. ಏನಿದ್ರೂ ನನ್ನನ್ನೇ ಕೇಳಿ.”

ಅವಳಿಗೆ ಮೈಯೆಲ್ಲ ಉರಿಯಿತು. “ಭಾವ, ಸ್ವಲ್ಪ ಸುಮ್ನಿರ್ತೀರಾ? ನೀವೂ ಅಷ್ಟೇ,” ಎಂದು ದಲ್ಲಾಳಿಯ ಕಡೆ ಬೆರಳು ತೋರಿಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಯಜಮಾನರ ಎದುರು ಕುಳಿತು ಕಾದಳು.

“ಆ ಓ... ಓಣಿ ನಮ್ಮದಲ್ಲ,” ಎಂದರು ಅವರು. “ಪ... ಪಕ್ಕದ ಮನೆಯೋರ್ದು. ಅವರು ಅಲ್ಲಿ ಗೋ... ಗೋಡೆ ಎತ್ತೋರಿದ್ದಾರೆ. ಇವನಿಗೆ ಹೇ... ಹೇಳಿದ್ದೆ.”

ದಲ್ಲಾಳಿಯ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. “ಇವರು ಹೇಳಿದ್ದು ನಂಗೆ ಅರ್ಥ ಆಗ್ಲಿಲ್ಲ ಮೇಡಂ.”

“ಅರ್ಥ ಆಗದೇ ಇರೋಕೆ ಎಷ್ಟು ಕಷ್ಟಪಟ್ರಿ ಅಂತ ನೋಡಿದ್ನಲ್ಲ,” ಎಂದಳು.

ಹೊರಗೆ ಬಂದದ್ದೇ ಭಾವ ಶುರು ಮಾಡಿದರು. “ಎಂಥಾ ಪೆದ್ದ ನೋಡಮ್ಮ! ತನ್ನ ಮನೆ ಹುಳುಕು ತಾನೇ ಹೇಳ್ತಾನೆ. ಮಾತೂ ಇಲ್ಲ, ಬುದ್ಧೀನೂ ಇಲ್ಲ. ಬಿಟ್ಟಾಕು ಈ ಮನೆ.”

ಅವಳು ಗಂಡನ ಕಡೆ ತಿರುಗಿದಳು. “ನಿಮಗೇನನ್ಸುತ್ತೆ?”

“ಅಣ್ಣ ಹೇಳಿದ ಹಾಗೇ...”

“ಅಣ್ಣ ಹೇಳಿದ್ದು ನನಗೂ ಕೇಳಿಸ್ತು. ನಾನು ಕೇಳಿದ್ದು ನಿಮ್ಮನ್ನ.”

ಅವನು ಚಪ್ಪಲಿ ನೋಡಿಕೊಂಡು ನಿಂತ. ‘ನೀರು’ ಎಂಬ ಒಂದೇ ಪದಕ್ಕೆ ಬೆವರು ಹರಿಸುವವರನ್ನು ಅವಳು ದಿನವೂ ನೋಡುತ್ತಿದ್ದಳು. ನಾಲಿಗೆ ನೆಟ್ಟಗಿದ್ದೂ ಮಾತಿಲ್ಲದವನಿಗೆ ತನ್ನಲ್ಲಿ ಮದ್ದಿಲ್ಲವೆಂದುಕೊಂಡಳು.

ಮರುದಿನ ಒಬ್ಬಳೇ ಹೋಗಿ ಮನೆಯನ್ನು ಇನ್ನೊಮ್ಮೆ ಸುತ್ತಿದಳು. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಅಂಗಳ, ಅದಕ್ಕೊಂದು ಗೇಟು, ಆಚೆ ಹಿಂದಿನ ರಸ್ತೆ. ಅದು ಈ ಮನೆಗೇ ಸೇರಿದ್ದೆಂದು ಕಾಗದಗಳಲ್ಲಿ ಖಚಿತಪಡಿಸಿಕೊಂಡಳು. ಚಿಕಿತ್ಸೆಗೆ ಬರುವವರಿಗೆ ಮುಂಬಾಗಿಲು, ಮನೆಯವರಿಗೆ ಹಿಂಬಾಗಿಲು. ಇಷ್ಟು ಸುಲಭದ್ದು ಹೊಳೆಯಲು ಭಾವ ಜೊತೆಗಿಲ್ಲದಿರಬೇಕಾಯಿತು.

ವ್ಯವಹಾರ ಮುಗಿದು ಕೀಲಿಕೈ ಪಡೆದ ದಿನ ಅವಳು ಯಜಮಾನರ ಕೈಗೆ ತನ್ನ ಕಾರ್ಡು ಕೊಟ್ಟಳು. “ಒಂದ್ಸಲ ಬನ್ನಿ. ಫೀಸೇನೂ ಬೇಡ. ಕೆಲವೇ ತಿಂಗಳಲ್ಲಿ ಎಷ್ಟೋ ಸರಿಹೋಗುತ್ತೆ.”

ಅವರು ಕಾರ್ಡನ್ನೂ ಅವಳನ್ನೂ ಒಂದೇ ಥರ ನೋಡಿದರು. ಚಪ್ಪಲಿಗೆ ಮೆತ್ತಿದ್ದನ್ನು ನೋಡುವ ಹಾಗೆ. “ನಾ... ನಾನು ಕೇಳಿದ್ನಾ?”

ಅವಳ ಕಿವಿ ಬಿಸಿಯಾಯಿತು. ಇವರ ಮಾತನ್ನು ಕಸಿದುಕೊಂಡವರನ್ನು ಅಂದು ಹೀಯಾಳಿಸಿದ್ದವಳು, ಈಗ ಅವರು ಶುರುವೇ ಮಾಡದ ಮಾತನ್ನು ತಾನೇ ಮುಗಿಸಿಬಿಟ್ಟಿದ್ದಳು.

“ಇಲ್ಲ. ತಪ್ಪಾಯ್ತು,” ಎಂದಳು.

ಅವರು ಕಾರ್ಡು ಹಿಂದಕ್ಕೆ ಕೊಟ್ಟು, ಯಾವ ಕಿಟಕಿಯ ಚಿಲಕ ಸಿಕ್ಕಿಕೊಳ್ಳುತ್ತದೆಂದು ತೋರಿಸಿ ಹೋದರು.

ಕೆಲಸ ಶುರುವಾದ ಮೊದಲ ವಾರವೇ ಭಾವ ಹೇಳದೆ ಕೇಳದೆ ಮುಂಬಾಗಿಲು ತಳ್ಳಿಕೊಂಡು ಬಂದರು. ಕಾಯುತ್ತಿದ್ದ ತಾಯಿ ಮಗುವನ್ನು ಅಪ್ಪಿಕೊಂಡಳು. ಅವಳು ತನ್ನ ಕುರ್ಚಿಯಿಂದ ಎದ್ದು ಬಂದು ಭಾವನಿಗೆ ಅಡ್ಡ ನಿಂತಳು.

“ಭಾವ, ಹಿಂದಿನಿಂದ ಬನ್ನಿ. ಇದು ಚಿಕಿತ್ಸೆಗೆ ಬರೋರ ಬಾಗಿಲು.”

“ನಾನು ಮನೆಯೋನಮ್ಮ!”

“ಅದಕ್ಕೇ ಹೇಳಿದ್ದು.”

ಭಾವ ಒಳಕೋಣೆಯಲ್ಲಿ ಕೂತಿದ್ದ ತಮ್ಮನ ಕಡೆ ನೋಡಿದರು. ಅವನು ಎದ್ದು ಹಿಂದಿನ ಗೇಟು ತೆಗೆಯಲು ಹೋದ. ಭಾವ ಗೊಣಗುತ್ತ ಮನೆ ಸುತ್ತು ಹಾಕಿ, ಒಣಹಾಕಿದ ಬಟ್ಟೆಗಳ ನಡುವೆ ತಲೆ ತಗ್ಗಿಸಿ ನುಸುಳಿ ಬಕೆಟ್ಟೊಂದನ್ನು ಎಡವಿದ ಸದ್ದು ಮುಂದಿನ ಕೋಣೆಯವರೆಗೂ ಕೇಳಿಸಿತು. ಮಗು ಕಿಸಕ್ಕನೆ ನಕ್ಕಿತು. ಅವಳು ಬಾಗಿಲು ಹಾಕಿ ಮಗುವಿನ ಎದುರು ನೆಲದ ಮೇಲೆ ಕುಳಿತಳು.