ದೊಡ್ಡಮುನಿಯಪ್ಪನ ಎತ್ತರ

ನನ್ನ ಅನ್ನ ಇರುವುದು ಅಂಗೈಯಲ್ಲಿ. ದೊಮ್ಮಲೂರಿನ ಈ ವಠಾರದಲ್ಲಿ ಕೂತು ಜೋಳದ ರೊಟ್ಟಿ ಬಡಿದು ನಮ್ಮ ಯಾದಗಿರಿ ಕಡೆಯ ಗಾರೆ ಕೆಲಸದವರಿಗೆ ಮಾರುತ್ತೇನೆ. ಇಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷ ಕೃಷ್ಣರಾಜಪುರದಲ್ಲಿ ಬಸ್ಸಿಳಿಯುವಾಗ ಬಿದ್ದು ಕಾಲು ಮುರಿದುಕೊಂಡೆ. ಆಗಲೂ ಅಷ್ಟೇನೂ ಹೆದರಲಿಲ್ಲ, ರೊಟ್ಟಿ ಬಡಿಯಲು ಕಾಲು ಯಾಕೆ ಬೇಕು? ಗಂಡ ಭಗವಂತರಾಯ ಕಲ್ಯಾಣ ನಗರದಲ್ಲಿ ಏಳುತ್ತಿದ್ದ ಕಟ್ಟಡದಲ್ಲೇ ಮಲಗುತ್ತಿದ್ದ, ಭಾನುವಾರ ಬರುತ್ತಿದ್ದ. ಉಳಿದ ದಿನ ನಾನು ರೊಟ್ಟಿ ಹೆಂಚಿನ ಜೊತೆ ಮಾತಾಡುತ್ತಿದ್ದೆ.

ಊರುಗೋಲು ಕೊಟ್ಟಾಕೆ ಮನೆ ಓನರ್ ಆಂಜನಮ್ಮ. ಕಂಕುಳಿಗೆ ಆನಿಸಿಕೊಂಡು ನಡೆಯುವ, ಬೋಲ್ಟು ಬಿಚ್ಚಿ ಉದ್ದ ಗಿಡ್ಡ ಮಾಡುವ ಮರದ ಜೋಡಿ, ತೀರಿಹೋದ ಗಂಡ ದೊಡ್ಡಮುನಿಯಪ್ಪನದು. ವಠಾರ ಇರುವ ಜಾಗದಲ್ಲೇ ಅವನು ರಾಗಿ ಬೆಳೆಯುತ್ತಿದ್ದನಂತೆ. ಕೊಡುವಾಗ ಆಕೆ ಹೇಳಿದ್ದು ಒಂದೇ ಮಾತು.

"ಎಲ್ಲೂ ಬಿಚ್ಬೇಡ ಕಣಮ್ಮ. ಅವ್ರು ಇಟ್ಕೊಂಡಿದ್ದಂಗೇ ಇರ್ಲಿ."

ಹೂಂ ಅಂದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕುವ ಹೆಂಗಸು ನಾನಲ್ಲ. ಆದರೆ ಆ ಪುಣ್ಯಾತ್ಮ ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಿದ್ದ ಆಳು, ನಾನು ನೀರಿನ ಡ್ರಮ್ಮಿಗಿಂತ ಚೂರು ಎತ್ತರ. ಕೋಲು ಕಂಕುಳನ್ನು ಒತ್ತುತ್ತಿತ್ತು. ಹಿಡಿ ಎಷ್ಟು ಮೇಲಿತ್ತೆಂದರೆ ಮಣಿಕಟ್ಟು ಮಡಿಸಿಯೇ ಹಿಡಿಯಬೇಕು. ತುದಿಯ ರಬ್ಬರು ಸವೆದು ಬರೀ ಮರ ನೆಲಕ್ಕೆ ಬಡಿಯುತ್ತಿತ್ತು, ಟಕ್ ಅಂದಾಗಲೆಲ್ಲ ಅಂಗೈಗೆ ಪೆಟ್ಟು. ಹಿಡಿಗೆ ಹಳೆ ಸೀರೆಯ ತುಂಡು ಸುತ್ತಿದೆ, ನೋವು ಬಿಡಲಿಲ್ಲ. ಕಿರುಬೆರಳು ಜೋಮು ಹಿಡಿಯಿತು. ರೊಟ್ಟಿ ಬಡಿದರೆ ಅಂಚು ಹರಿಯುತ್ತಿತ್ತು, ನಡುವೆ ತೂತು ಬೀಳುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಯಾರ ಮೇಲೆ ಸಿಟ್ಟು ಮಾಡಲಿ? ಸತ್ತವನ ಮೇಲೆ ಮಾಡಿದೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಜಹನಾರಾ ನನ್ನನ್ನು ನಡೆಸಿ ನೋಡಿದರು.

"ಇದು ಯಾರ್ದಮ್ಮ? ನಿಮ್ದಂತೂ ಅಲ್ಲ. ನೆಟ್ಟಗೆ ನಿಂತು ಕೈ ಇಳಿಬಿಡಿ. ಮಣಿಕಟ್ಟು ಎಲ್ಲಿ ಬರುತ್ತೋ ಹಿಡಿ ಅಲ್ಲಿರ್ಬೇಕು. ಕೋಲಿನ ತಲೆ ಕಂಕುಳಿಂದ ಎರಡ್ಮೂರು ಬೆರಳು ಕೆಳಗೆ. ಮೊಣಕೈ ಸ್ವಲ್ಪ ಬಗ್ಗಿರ್ಲಿ, ಮಣಿಕಟ್ಟು ಬಗ್ಬಾರ್ದು. ಹೊಸ ರಬ್ಬರ್ ಹಾಕ್ಸಿ. ಹಿಂಗೇ ನಡೆದ್ರೆ ಕೈ ಕೆಟ್ಟೋಗುತ್ತೆ."

"ಬಿಚ್ಚಬಾರ್ದು ಅಂದಾರ್ರೀ."

"ಯಾರು?"

ಅದೇ ಕೋಲೂರಿಕೊಂಡು ಮನೆಗೆ ಬಂದೆ.

ನಾನು ಅಂಗಳ ದಾಟುವಾಗೆಲ್ಲ ಆಂಜನಮ್ಮ ತನ್ನ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಒಂದು ದಿನವೂ ನನ್ನ ಕಡೆ ನೋಡಿದಾಕೆಯಲ್ಲ, ಹೆಂಗಿದ್ದೀಯ ಅಂದಾಕೆಯಲ್ಲ. ಮನೆ ಇದ್ದವರ ಬಿಂಕ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಹೆಂಚು ಕಾದು ಹೊಗೆಯಾಡಿದರೂ ಒಂದು ರೊಟ್ಟಿಯೂ ಕೈಗೆ ಬರಲಿಲ್ಲ. ಹಿಟ್ಟಿನ ಮುಂದೆ ಕೂತು ಅತ್ತುಬಿಟ್ಟೆ. ಅಳು ಕೇಳಿ ಬಂದ ಆಂಜನಮ್ಮ ನನ್ನ ಅಂಗೈ ತಿರುಗಿಸಿ ನೋಡಿದಳು. ಕೆಂಪಗೆ ಬಾತಿತ್ತು.

"ಹೇಳ್ಬಾರ್ದಾ?"

"ನೀವೇ ಬಿಚ್ಚಬ್ಯಾಡ ಅಂದಿದ್ರಲ್ರೀ."

ಆಕೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಗೆ ಕೆನ್ನೆ ಆನಿಸಿದಳು.

"ಅವ್ರ ಕಂಕುಳು ನಂಗೆ ಇಲ್ಲಿಗೇ ಬರೋದು," ಅಂದಳು. ಆಮೇಲೆ ಒಳಗಿಂದ ಕೊಬ್ಬರಿ ಎಣ್ಣೆ ತಂದು ತುಕ್ಕು ಹಿಡಿದ ಬೋಲ್ಟುಗಳಿಗೆ ಬಿಟ್ಟಳು. ತಾನೇ ತಿರುಗಿಸಿದಳು, ನನಗೆ ಮುಟ್ಟಲು ಕೊಡಲಿಲ್ಲ. ಕೋಲು ಕುಗ್ಗಿತು, ಹಿಡಿ ನನ್ನ ಮಣಿಕಟ್ಟಿಗೆ ಇಳಿಯಿತು. ಹಲಸೂರಿನಿಂದ ಹೊಸ ರಬ್ಬರನ್ನೂ ಆಕೆಯೇ ತರಿಸಿದಳು.

ದಿನ ಕಳೆದಂತೆ ಜೋಮು ಬಿಟ್ಟಿತು. ದುಂಡಗೆ ತೆಳ್ಳಗೆ ಬಂದ ಮೊದಲ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ, ಹೆಗಲಿಗೆ ಹಾಕಿಕೊಂಡು ಆಂಜನಮ್ಮನ ಹತ್ತಿರ ಹೋದೆ. ಆಕೆ ಎಂದಿನಂತೆ ಹೊಸ್ತಿಲಲ್ಲಿ ಕಣ್ಣು ಮುಚ್ಚಿದ್ದಳು. ಕೋಲಿನಿಂದ ಸದ್ದೇ ಬರುತ್ತಿರಲಿಲ್ಲ.

"ಅಮ್ಮಾರೆ," ಅಂದೆ.

ಬೆಚ್ಚಿಬಿದ್ದಳು. "ಯಾರದು?"

"ನಾ ರೀ, ಅಯ್ಯಮ್ಮ."

"ನೀನಾ." ಕೋಲಿನ ತುದಿಯ ಹೊಸ ರಬ್ಬರನ್ನೇ ನೋಡುತ್ತಾ ಅಂದಳು, "ನೀನು ನಡೆಯೋವಾಗ ಕಣ್ಮುಚ್ಕೊಂಡ್ರೆ ಅವ್ರೇ ಬಂದಂಗಿರೋದು. ಅದೇ ಟಕ್ ಟಕ್."

ಆಕೆಗೆ ಉಳಿದಿದ್ದ ಅಷ್ಟನ್ನೂ ನನ್ನ ಕೈಗಾಗಿ ಬಿಚ್ಚಿ ಕೊಟ್ಟಿದ್ದಳು. ಹಳೆಯ ರಬ್ಬರನ್ನೇ ಮತ್ತೆ ಹಾಕಿಕೊಳ್ಳುತ್ತೇನೆ ಅನ್ನಬೇಕೆನಿಸಿತು. ಆದರೆ ಕೈ ನನಗೂ ಬೇಕಿತ್ತು.

"ನಿಂತೇ ಇದ್ದೀಯಲ್ಲ, ಕೂತ್ಕೋ," ಎಂದು ಆಕೆ ಸರಿದು ಜಾಗ ಬಿಟ್ಟಳು.

ಕೂತೆ. ಆಂಜನಮ್ಮ ರೊಟ್ಟಿ ಮುರಿದು, ಹಲ್ಲಿಲ್ಲದ ಬಾಯಲ್ಲಿ ನೆನೆಸಿಕೊಂಡು ನಿಧಾನವಾಗಿ ತಿಂದಳು. ತಿನ್ನುವಷ್ಟು ಹೊತ್ತೂ ಕಣ್ಣು ತೆರೆದು ಖಾಲಿ ಅಂಗಳವನ್ನೇ ನೋಡುತ್ತಿದ್ದಳು.