ಒಳಗೆ ಬಿಟ್ಟ ಬಟ್ಟೆ

ಅಂಗಿ ಹೊಲಿಯುವವರು ಪಕ್ಕದ ಹೊಲಿಗೆಯ ಒಳಗಡೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ತೊಟ್ಟವರ ಮೈ ತುಂಬಿಕೊಂಡರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದು ಎಂದು. ತಂಗಿ ಈ ಕೆಲಸ ಕಲಿತದ್ದು ತಾಯಿಯಿಂದ. ಒಳಗೆ ಬಿಡುವ ಬಟ್ಟೆಯಲ್ಲಿ ಜಿಪುಣತನ ಮಾಡಬಾರದು ಎಂಬುದನ್ನು ಕಲಿತದ್ದೂ ಅವಳಿಂದಲೇ.

ಹಾಲಿನ ಡೇರಿಯ ಎದುರಿಗೆ, ಬೀದಿಗೆ ಬಾಗಿಲಿದ್ದ ಒಂದು ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ ಇತ್ತು. ಅಕ್ಕ ಅದೇ ಡೇರಿಗೆ ಹಾಲು ಹಾಕುವವಳು. ಬೆಳಗಿನ ಹಾಲು ಅಳೆದುಕೊಟ್ಟು, ಖಾಲಿ ಕ್ಯಾನನ್ನು ತಂಗಿಯ ಹೊಸ್ತಿಲ ಪಕ್ಕ ಇಟ್ಟು, ಒಳಗೆ ಬಂದು ಕತ್ತರಿಸಿದ ತುಂಡು ಬಟ್ಟೆಗಳ ಚೀಲದ ಪಕ್ಕದಲ್ಲೇ ಕೂರುತ್ತಿದ್ದಳು. ಮೈಯಿಂದ ಹಸುವಿನ ವಾಸನೆ ಬರುತ್ತಿತ್ತು. ತಿನ್ನಲು ಏನಾದರೊಂದನ್ನು ಅವಳ ಕೈಗಿಟ್ಟು ತಂಗಿ ಯಂತ್ರಕ್ಕೆ ತಿರುಗುತ್ತಿದ್ದಳು. ಆ ಚೀಲ ತುಂಬಿದಾಗ ತಂಗಿ ಅದನ್ನು ಬರಿದು ಮಾಡಿ ದಿಂಬುಗಳಿಗೆ ತುಂಬುತ್ತಿದ್ದಳು.

ತಂಗಿಗೆ ಯಂತ್ರ ತುಳಿದೂ ತುಳಿದೂ ಮಂಡಿ ಹಿಡಿದುಕೊಂಡಿತ್ತು. ನಿದ್ದೆಯೂ ಸರಿಯಿರಲಿಲ್ಲ. ಗೊಬ್ಬರದ ಅಂಗಡಿಯ ಮಹಡಿಯನ್ನು ಬಾಡಿಗೆಗೆ ಹಿಡಿದು ಮೇಡಂ ಒಬ್ಬರು ಆರೋಗ್ಯದ ಕೂಟ ಶುರುಮಾಡಿದಾಗ ಅವಳು ಹೋದದ್ದು ಮಂಡಿಯ ಸಲುವಾಗಿಯೇ. ಅಲ್ಲಿ ಚಾಪೆ ಹಾಸಿರುತ್ತಿದ್ದರು. ಮೊದಲು ಉಸಿರಾಟ, ಆಮೇಲೆ ನೀರಿನಲ್ಲಿ ಕಲಸಿದ ಪುಡಿ, ಎರಡು ಮಾತ್ರೆ. ಕೊನೆಯಲ್ಲಿ ಎಲ್ಲರೂ ಸುತ್ತ ಕೂತು, ಕಣ್ಣು ಮುಚ್ಚಿ, ಮಾತಿಲ್ಲದೆ ಊಟ. “ಬಾಯಲ್ಲೇ ನೀರಾಗಬೇಕು. ಅವಸರದಲ್ಲಿ ನುಂಗಿದ್ದು ಮೈಗೆ ಹತ್ತಲ್ಲ,” ಎನ್ನುತ್ತಿದ್ದರು ಮೇಡಂ. ಅವರು ಮೋಸಗಾರರಲ್ಲ. ತಾವು ಹೇಳಿದ್ದನ್ನೆಲ್ಲ ತಾವೂ ಮಾಡುತ್ತಿದ್ದರು. ತಂಗಿ ಸಕ್ಕರೆ ಬಿಟ್ಟಳು, ಆಗಾಗ ಯಂತ್ರ ಬಿಟ್ಟೆದ್ದು ಕಾಲು ಚಾಚಿದಳು. ಮಂಡಿ ಹಗುರವಾಯಿತು. ಹಾಸಿಗೆಗೆ ಬಿದ್ದರೆ ನಿದ್ದೆ ಬರತೊಡಗಿತು. ಇಷ್ಟಾದ ಮೇಲೆ ಅವಳು ಅಕ್ಕನನ್ನು ಬಿಟ್ಟಾಳೆಯೇ?

“ಹಸು ಮೆಲುಕು ಹಾಕೋದನ್ನ ನೋಡೀ ನೋಡೀ ಸಾಕಾಗಿದೆ ಗುಬ್ಬಿ. ಈಗ ನಾನೂ ಹಾಕ್ಬೇಕಾ?” ಎಂದಳು ಅಕ್ಕ. ತಂಗಿ ಚಿಕ್ಕವಳಿದ್ದಾಗ ಇಟ್ಟ ಹೆಸರು ಅದು. ತಂಗಿಯ ತಲೆಗೂದಲು ನೆರೆಯತೊಡಗಿದರೂ ಬಿಟ್ಟಿರಲಿಲ್ಲ.

“ಒಂದ್ಸಲ ಬಾ. ಹಿಡಿಸದಿದ್ರೆ ಬಿಡು.”

“ನಿಮ್ಮ ಭಾವನ ಹೊಟ್ಟೆ ಕರಗಿಸ್ತಾರಾ ಕೇಳು. ಮೊದಲು ಆ ಗುಡಾಣ ಕಳಿಸ್ತೀನಿ.”

ನಗುತ್ತಲೇ ಬಂದವಳು ಅಕ್ಕ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕೂಟಕ್ಕೆಲ್ಲ ಮಾದರಿಯಾಗಿಬಿಟ್ಟಳು. ಉಳಿದವರ ತಟ್ಟೆ ಬರಿದಾಗಿ ಎಷ್ಟೋ ಹೊತ್ತಾದರೂ ಅವಳದು ಅರ್ಧ ಹಾಗೇ ಇರುತ್ತಿತ್ತು. “ಅವರನ್ನ ನೋಡಿ ಕಲೀರಿ. ಒಂದೊಂದು ತುತ್ತನ್ನೂ ಹೇಗೆ ಅನುಭವಿಸ್ತಾರೆ!” ಎನ್ನುತ್ತಿದ್ದರು ಮೇಡಂ. ತೂಕದ ಯಂತ್ರದ ಮುಳ್ಳು ವಾರವಾರವೂ ಇಳಿಯುತ್ತಿತ್ತು. ಮೆಟ್ಟಿಲ ಪಕ್ಕದ ಗೋಡೆಗೆ ಅಕ್ಕನ ಫೋಟೊ ಬಂತು, ಹಿಂದಿನದೊಂದು, ಈಗಿನದೊಂದು, ಅಕ್ಕಪಕ್ಕ.

ಅಂಗಿಗಳನ್ನು ಹಿಡಿದು ಸಣ್ಣದು ಮಾಡುವ ಕೆಲಸ ತಂಗಿಯದು. ಎಷ್ಟು ಸಲ ಹಿಡಿದಳೋ! ಒಳಗೆ ಬಟ್ಟೆಯ ಮಡಿಕೆ ಸೇರಿ ಸೇರಿ ಪಕ್ಕೆಗೆ ಒತ್ತತೊಡಗಿದಾಗ ಅವಳಿಗೊಂದು ಉಪಾಯ ಹೊಳೆಯಿತು. ಒಳಗೆ ಬಿಟ್ಟ ಬಟ್ಟೆಯನ್ನೇ ಕತ್ತರಿಸಿಬಿಟ್ಟರೆ? ಹಳೆಯ ಮೈಗೆ ಮರಳುವ ದಾರಿಯೇ ಇಲ್ಲದಂತಾಗುತ್ತದೆ. ಮೇಡಂಗೆ ಈ ಮಾತು ಬಹಳ ಹಿಡಿಸಿತು. ಮುಂದಿನ ವಾರ ಎಲ್ಲರ ಎದುರಿಗೆ ಅಕ್ಕನ ನೀಲಿ ಅಂಗಿಯನ್ನು ತಿರುವಿ ಹಿಡಿದು, ಕತ್ತರಿಯನ್ನು ಅಕ್ಕನ ಕೈಗೇ ಕೊಟ್ಟರು. ನೀಲಿ ಪಟ್ಟಿಗಳು ಚಾಪೆಯ ಮೇಲೆ ಬಿದ್ದವು. ಚಪ್ಪಾಳೆ. ಬದುಕಿಡೀ ಸಗಣಿ ಬಾಚಿದವಳಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವಳು ಕೈ ಎಲ್ಲಿಡುವುದೆಂದು ತಿಳಿಯದೆ ಅಂಗಿಯನ್ನೇ ಎದೆಗವುಚಿಕೊಂಡು ನಿಂತಳು.

“ನಮ್ಮಕ್ಕ,” ಎಂದಳು ತಂಗಿ, ಪಕ್ಕದವಳಿಗೆ ಕೇಳುವಂತೆ.

ಹೊಲಿಯುವ ಬೆರಳುಗಳಿಗೆ ಮೈಯ ಸುದ್ದಿ ಮೊದಲು ತಿಳಿಯುತ್ತದೆ. ಕೊಬ್ಬು ಕರಗಿದರೆ ಮೊದಲು ಸೊಂಟ ಸಡಿಲವಾಗುತ್ತದೆ. ಅಕ್ಕನ ಅಂಗಿ ಹೆಗಲಿನಿಂದಲೇ ಜಾರುತ್ತಿತ್ತು. ಗುಂಡುಪಿನ್ನು ಚುಚ್ಚುವಾಗ ತಂಗಿಯ ಬೆರಳು ಮೂಳೆಗೆ ತಗುಲಿತು. ತಗುಲಿದ್ದು ತಿಳಿಯಿತು ಕೂಡ. ಆದರೆ ಬಾಯಲ್ಲಿ ಪಿನ್ನುಗಳಿದ್ದವು, ಹೊರಗೆ ಗಿರಾಕಿಯೊಬ್ಬಳು ಕಾಯುತ್ತಿದ್ದಳು, ಮುಂದಿನ ಕೆಲಸಕ್ಕೆ ಕೈ ಹೋಯಿತು. ಅಕ್ಕನ ದನಿ ಒಡೆದದ್ದನ್ನು ಮೇಡಂ ಹತ್ತಿರ ಹೇಳಿದಾಗ, “ಒಳಗಿನ ಕಸ ಹೊರಗೆ ಬರೋವಾಗ ಹಾಗಾಗುತ್ತೆ, ಬಿಸಿನೀರು ಕುಡೀಲಿ,” ಎಂದಿದ್ದರು.

ಒಮ್ಮೆ ಭಾವ ಹರಿದ ಗೋಣಿಚೀಲ ಹೊಲಿಸಲು ಬಂದವನು ಬಾಗಿಲಲ್ಲೇ ನಿಂತ. ಹೆಚ್ಚು ಮಾತಿನವನಲ್ಲ.

“ಅಲ್ಲಮ್ಮ, ನನ್ನ ಹೆಂಡತಿ ಅರ್ಧ ಆಗಿಹೋದ್ಲು. ಉಳಿದರ್ಧ ಎಲ್ಲಿಟ್ಟಿದ್ದೀರಿ ಹೇಳಿ, ಗಾಡಿ ತಂದು ಹೇರಿಕೊಂಡು ಹೋಗ್ತೀನಿ.”

“ನಿಮಗೆ ಹೊಟ್ಟೆಕಿಚ್ಚು ಭಾವ. ಪಕ್ಕದಲ್ಲಿ ನಡೆದ್ರೆ ಅವಳು ಮಗಳ ಹಾಗೆ ಕಾಣ್ತಾಳೆ ಅಂತ.”

ಭಾವ ನಕ್ಕ. ನಕ್ಕು, ಗೋಣಿಚೀಲ ಇಟ್ಟು ಹೋದ.

ಮೋಡ ಕವಿದ ಒಂದು ಮಧ್ಯಾಹ್ನ ತಂಗಿ ದಿಂಬು ತುಂಬಲೆಂದು ಚೀಲವನ್ನು ನೆಲಕ್ಕೆ ಸುರಿದಳು. ತುಂಡುಗಳ ನಡುವೆ ಸಣ್ಣ ಸಣ್ಣ ಗಂಟುಗಳು ಉರುಳಿದವು. ಇಲಿಯ ಕೆಲಸ ಎಂದುಕೊಂಡಳು. ಇಲಿ ಗಂಟು ಹಾಕುವುದಿಲ್ಲ. ಒಂದನ್ನು ಬಿಚ್ಚಿದಳು. ಅಗಿದು ಅಗಿದು ಹಿಟ್ಟಾದ ಬ್ರೆಡ್ಡು, ಒಣಗಿ ಗಟ್ಟಿಯಾಗಿತ್ತು. ಇನ್ನೊಂದರಲ್ಲಿ ಕ್ಯಾರೆಟ್ಟಿನ ನಾರು. ಮೇಲೆಯೇ ಇದ್ದ ಗಂಟು ಇನ್ನೂ ಹಸಿಯಾಗಿತ್ತು. ಬೆಳಗ್ಗೆ ತಾನೇ ಕೊಟ್ಟಿದ್ದ ಸೇಬಿನ ಹೋಳು ಅದು. ಕಟ್ಟಿದ್ದ ಬಟ್ಟೆ, ಕೂಟದಿಂದ ತಂದು ಚೀಲಕ್ಕೆ ಹಾಕಿದ್ದ ನೀಲಿ ಪಟ್ಟಿ.

ಅವಳು ನೆಲದ ಮೇಲೆಯೇ ಕೂತಳು. ಕಣ್ಣು ಮುಚ್ಚಿ ಉಣ್ಣುವ ಕೂಟದಲ್ಲಿ ಅಕ್ಕನ ಬಾಯಿ ಅಗಿಯುವುದನ್ನು ಎಲ್ಲರೂ ಹೊಗಳಿದ್ದರು. ಅವಳು ನುಂಗಿದ್ದನ್ನು ಯಾರೂ ನೋಡಿರಲಿಲ್ಲ.

ಮರುದಿನ ಅಕ್ಕ ಬಂದು ಕೂತಾಗ ತಂಗಿ ಮತ್ತೆ ಸೇಬಿನ ಹೋಳು ಕೊಟ್ಟಳು. ಯಂತ್ರದ ಕಡೆ ತಿರುಗಲಿಲ್ಲ.

“ಏನೇ ಹಾಗೆ ನೋಡ್ತೀಯ? ನನ್ನ ಮುಖದಲ್ಲಿ ಹೊಲಿಗೆ ಬಿಟ್ಟಿದ್ಯಾ?”

“ತಿನ್ನು ಅಕ್ಕ.”

“ತಿಂತೀನಿ. ನೀನು ನಿನ್ನ ಕೆಲಸ ನೋಡ್ಕೊ.”

“ಕೆಲಸ ಇಲ್ಲ ಇವತ್ತು. ತಿನ್ನು.”

ಅಕ್ಕ ಕಚ್ಚಿದಳು. ಅಗಿದಳು. ಅಗಿಯುತ್ತಲೇ ಇದ್ದಳು. ಬೀದಿಯಲ್ಲಿ ಡೇರಿಯ ಗಾಡಿ ಕ್ಯಾನುಗಳನ್ನು ಹೇರಿಕೊಂಡು ಸದ್ದು ಮಾಡುತ್ತ ಹೋಯಿತು. ಕೊನೆಗೆ ಕುತ್ತಿಗೆ ಚಾಚಿ ನುಂಗಿದಳು. ಅದು ಇಳಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಕೈ ತಾನಾಗಿ ಚೀಲದ ಕಡೆ ಹೋಗಿ ಒಂದು ತುಂಡು ಬಟ್ಟೆಗೆ ತಡಕಾಡಿತು. ತಂಗಿ ತನ್ನ ಸೆರಗಿನ ತುದಿಯನ್ನೇ ಅವಳ ಬಾಯಿಗೆ ಒಡ್ಡಿದಳು.

“ಯಾವಾಗಿಂದ?”

ಅಕ್ಕ ಬಾಯಿ ಒರೆಸಿಕೊಂಡಳು. “ಮೊದಲು ಗಟ್ಟಿಯಾಗಿದ್ದು ಮಾತ್ರ ಸಿಕ್ಕಿಕೊಳ್ತಿತ್ತು. ಮೇಡಂ ನಿಧಾನ ಅಗೀರಿ ಅಂದ್ರು, ಅಗಿದೆ. ಪುಡಿ ನೀರು ಸಲೀಸಾಗಿ ಇಳೀತಿತ್ತು. ಹಸಿವೂ ಕಮ್ಮಿ ಆಯ್ತು. ಇದೇ ಇರ್ಬೇಕು ಅಂದ್ಕೊಂಡೆ.”

“ಇದೇ ಅಂದ್ರೆ?”

“ಆರೋಗ್ಯ.”

ತಂಗಿಗೆ ಸಿಟ್ಟು ಬಂತು. “ಆಮೇಲಾದ್ರೂ ಹೇಳ್ಬಾರ್ದಾ? ಗಂಟು ಕಟ್ಟಿ ಕಟ್ಟಿ ಬಚ್ಚಿಡೋಕೆ ನೀನೇನು ಚಿಕ್ಕ ಮಗುವಾ?”

“ನೀನು ಎಲ್ಲರ ಎದುರಿಗೆ ‘ನಮ್ಮಕ್ಕ’ ಅಂತಿದ್ದೆ ಗುಬ್ಬಿ,” ಎಂದಳು ಅಕ್ಕ. “ಹಿಂದೆ ಯಾವತ್ತಾದ್ರೂ ಅಂದಿದ್ಯಾ? ಸಗಣಿ ವಾಸನೆ, ಆ ಕಡೆ ಕೂತ್ಕೊ ಅಂತಿದ್ದೆ.”

ಪೇಟೆಯ ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಅನ್ನನಾಳದಲ್ಲಿ ಗಡ್ಡೆ. ಬೆಳೆದಿತ್ತು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಹಗುರವಾಗುತ್ತಿತ್ತೇನೋ.

“ಆಪರೇಷನ್ ಮಾಡ್ಬಹುದು. ಆದ್ರೆ ಈ ಮೈ ತಡ್ಕೊಳ್ಳಲ್ಲ. ಮೊದಲು ತೂಕ ಬರಬೇಕು. ಬಂದ್ರೆ ಮುಂದಿನದು.”

“ಬರ್ದೇ ಇದ್ರೆ?” ಎಂದ ಭಾವ. ಡಾಕ್ಟರಮ್ಮ ಕಾಗದಗಳನ್ನು ಜೋಡಿಸತೊಡಗಿದರು.

ಹೊಟ್ಟೆಗೆ ನೇರವಾಗಿ ಒಂದು ನಳಿಕೆ ಇಟ್ಟು ಮನೆಗೆ ಕಳಿಸಿದರು. ಅದರಲ್ಲಿ ಹೊತ್ತುಹೊತ್ತಿಗೆ ಹಾಕಲು ಒಂದು ಡಬ್ಬಿ ಕೊಟ್ಟರು. ಅಕ್ಕ ಮುಚ್ಚಳ ತೆಗೆದು ಮೂಸಿದಳು. “ಇಲ್ಲೂ ಪುಡೀನೇ,” ಎಂದು ನಕ್ಕಳು. ಯಾರೂ ನಗದಿದ್ದುದನ್ನು ನೋಡಿ ಮುಚ್ಚಳ ಹಾಕಿದಳು.

ಮೇಡಂ ಒಮ್ಮೆ ಹಣ್ಣಿನ ಬುಟ್ಟಿ ಹಿಡಿದು ಬಂದರು. ತಿನ್ನಲಾರದವಳಿಗೆ ಹಣ್ಣು ತಂದದ್ದು ಮನೆಯೊಳಗೆ ಕಾಲಿಟ್ಟ ಮೇಲೆ ಹೊಳೆದಿರಬೇಕು. ಬುಟ್ಟಿಯನ್ನು ಹಿಂದೆ ಸರಿಸಿಕೊಂಡೇ ನಿಂತರು. “ನನಗೂ ತಿಳೀಲಿಲ್ಲ,” ಎಂದರು ತಂಗಿಗೆ, ಹೋಗುವಾಗ. ತಿಳಿಯದಿದ್ದುದು ನಿಜವೇ. ತಂಗಿ ಕೇಳಿದ್ದು ಒಂದೇ, ಗೋಡೆಯ ಫೋಟೊ ತೆಗೆಸಿ ಎಂದು. ತೆಗೆದರು. ಬಿಸಿಲಿಗೆ ಮಾಸಿದ ಗೋಡೆಯ ಮೇಲೆ ಎರಡು ಚೌಕಗಳು ಉಳಿದವು.

ತಂಗಿ ಹೊಸ ಅಂಗಿಯೊಂದನ್ನು ಹೊಲಿದಳು. ನಳಿಕೆಗೆಂದು ಮುಂದೆ ಒಂದು ಸೀಳು, ಅದಕ್ಕೊಂದು ಮುಚ್ಚುಪಟ್ಟಿ. ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಳು. ಎಂದೂ ಯಾರಿಗೂ ಬಿಡದಷ್ಟು ಬಿಟ್ಟಳು. ಅಕ್ಕ ಅಂಗಿಯನ್ನು ತಿರುವಿ ನೋಡಿದಳು.

“ಏನೇ ಇದು? ಈ ಬಟ್ಟೇಲಿ ಇನ್ನೊಬ್ಬಳಿಗೆ ಒಂದಂಗಿ ಆಗ್ತಿತ್ತು.”

“ಬೇಕಾಗುತ್ತೆ. ತೂಕ ಬಂದ್ಮೇಲೆ ಬಿಚ್ಚೋಕೆ.”

ಕೊಟ್ಟಿಗೆಯ ಕೆಲಸವೆಲ್ಲ ಭಾವನ ಪಾಲಿಗೆ ಬಂತು. ಹಾಲು ಕರೆದು ಬಂದು, ಅದೇ ಕೈಗಳನ್ನು ಸೋಪು ಹಾಕಿ ತಿಕ್ಕಿ ತೊಳೆದು, ಪುಡಿ ಕಲಸಿ ನಳಿಕೆಗೆ ಹೊಯ್ಯುತ್ತಿದ್ದ. ಗಂಟಾಗದ ಹಾಗೆ ಕಲಸಲು ಎಷ್ಟು ಹೊತ್ತಾದರೂ ಬೇಸರವಿರಲಿಲ್ಲ. ತಂಗಿ ದಿನಾ ಹೋಗುತ್ತಿದ್ದಳು. ಹೋದೊಡನೆ ಅವಳ ಕಣ್ಣು ಅಂಗಿಯ ಹೆಗಲಿನ ಮೇಲೆ ಬೀಳುತ್ತಿತ್ತು. ಬಿಗಿಯಾಗಿದೆಯೇ ಎಂದು. ಮಳೆಗಾಲ ಕಳೆದು ಚಳಿ ಬಂತು. ಅಂಗಿ ಬಿಗಿಯಾಗಲಿಲ್ಲ.

ಒಂದು ಸಂಜೆ ಅಕ್ಕ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. “ಗುಬ್ಬಿ, ಇದು ಜಾರ್ತಾ ಇದೆ. ಚಳಿ ಹೊಕ್ಕುತ್ತೆ. ಸ್ವಲ್ಪ ಹಿಡಿದುಕೊಡೆ.”

“ಶಾಲು ಹೊದಿಸ್ತೀನಿ ಇರು.”

“ಶಾಲು ಯಾಕೆ? ಹಿಡಿ ಅಂದ್ರೆ. ನಿನಗೆ ಖುಷಿಯಾಗ್ತಿತ್ತಲ್ಲ, ಹಿಡಿಯೋದು.”

ಕುಟುಕಲು ಹೇಳಿದ ಮಾತಲ್ಲ ಅದು. ಅಕ್ಕನ ಮುಖದಲ್ಲಿ ಅಂಥದೇನೂ ಇರಲಿಲ್ಲ. ಆದರೂ ತಂಗಿಗೆ ಸೂಜಿಗೆ ದಾರ ಪೋಣಿಸಲು ಬಹಳ ಹೊತ್ತು ಹಿಡಿಯಿತು. ಅಂಗಿಯನ್ನು ಮೈಮೇಲಿಂದ ತೆಗೆಯದೆಯೇ, ಅಕ್ಕನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ಪಕ್ಕದಲ್ಲಿ ಬಟ್ಟೆ ಹಿಡಿದು ಹೊಲಿಯತೊಡಗಿದಳು. ತೋಳಿಗೆ ಭಾರವೇ ಇರಲಿಲ್ಲ. ಅಡುಗೆಮನೆಯಲ್ಲಿ ಭಾವ ಪುಡಿ ಕಲಸುವ ಚಮಚದ ಸದ್ದು ಬರುತ್ತಿತ್ತು.

ಹೊಲಿಗೆ ಉದ್ದುದ್ದವಾಗಿ ಹಾಕಿದಳು, ಒಂದೇ ಎಳೆತಕ್ಕೆ ಬಿಚ್ಚಿಹೋಗುವ ಹಾಗೆ. ಒಳಗೆ ಸೇರಿದ ಬಟ್ಟೆ ದಪ್ಪವಾಗಿ ಮಡಿಕೆಬಿದ್ದಿತು.

“ಒತ್ತುತ್ತೆ ಕಣೇ, ಕತ್ತರಿಸಿಬಿಡು,” ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

“ಇರಲಿ ಬಿಡು,” ಎಂದಳು ತಂಗಿ. ಮಡಿಕೆಯನ್ನು ಬೆರಳಿನಿಂದ ಸಪಾಟು ಮಾಡಿ, ಗಂಟು ಹಾಕದೆ, ದಾರದ ತುದಿಯನ್ನು ಹಾಗೇ ಬಿಟ್ಟಳು.