ಹಿಟ್ನಾಳ ಎನ್ನದ ಫೋನು

ಕೊಪ್ಪಳದ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಗೌರೀಶ ಕೆಲಸ ಬಿಟ್ಟು ಮನೆಯ ಮಾಳಿಗೆ ಮೇಲಿನ ಕೋಣೆ ಸೇರಿದ. ಅಲ್ಲಿ ಏನು ಮಾಡುತ್ತಿದ್ದಾನೆಂದು ಯಾರಿಗೂ ತಿಳಿಯುವಂತೆ ಹೇಳಲು ಅವನಿಂದ ಆಗಲಿಲ್ಲ. ಅದು ಆ್ಯಪ್ ಅಲ್ಲ, ಆ್ಯಪ್ ಮಾಡುವವರು ತಮ್ಮದರೊಳಗೆ ಸೇರಿಸಿಕೊಳ್ಳುವ ಕಿಟ್. ಒಮ್ಮೆ ಬರೆದರೆ ಆಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ನಡೆಯಬೇಕು, ಬಸ್ಸು ಊರು ಮುಟ್ಟಿದಾಗ ಆ ಊರ ಹೆಸರನ್ನು ಕನ್ನಡದಲ್ಲಿ ಕೂಗಿ ಹೇಳಬೇಕು. ಇಷ್ಟು ವಿವರಿಸುವಷ್ಟರಲ್ಲಿ ಅಳವಂಡಿಯಿಂದ ಬಂದಿದ್ದ ಅತ್ತೆ ಕಳಕಮ್ಮ ಎರಡು ಸಲ ಆಕಳಿಸಿದಳು.

"ಅಂದ್ರ ಅಡಿಗಿ ನೀವು ಮಾಡಂಗಿಲ್ಲ. ಮಸಾಲಿ ಅಷ್ಟ ಅರದು ಕೊಡ್ತೀರಿ," ಎಂದಳು.

ಗೌರೀಶನಿಗೆ ಅವಮಾನವಾಯಿತು. ಆದರೆ ಮರುವಾರದಿಂದ ಕೇಳಿದವರಿಗೆಲ್ಲ ಅವನೂ ಅದನ್ನೇ ಹೇಳತೊಡಗಿದ.

ಆ ಮಸಾಲೆಗೆ ಇದ್ದ ಗಿರಾಕಿ ಒಬ್ಬನೇ: ಗಂಗಾವತಿಯ ಮಾಜೀದ, ಅವನ ಹಳೆಯ ವಿದ್ಯಾರ್ಥಿ. ಮಾಜೀದನ ತಾಯಿ ಬಾನುಬೀಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಹಿಟ್ನಾಳದಲ್ಲಿದ್ದ ಮಗಳ ಮನೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗುವ ಹಟ. ಒಮ್ಮೆ ಕಂಡಕ್ಟರ್ ಹೇಳಲು ಮರೆತು ಅವಳು ಕೊಪ್ಪಳದವರೆಗೂ ಬಂದುಬಿಟ್ಟಿದ್ದಳು. ಅವಳಿಗಾಗಿಯೇ ಮಾಜೀದ ಆ್ಯಪ್ ಮಾಡುತ್ತಿದ್ದ. ಅವನದು ಆಂಡ್ರಾಯ್ಡ್ ಫೋನು. ತಾಯಿಯದು ಸೌದಿಯ ದಮ್ಮಾಮಿನಲ್ಲಿದ್ದ ಹಿರಿಮಗ ಕಳಿಸಿದ ಐಫೋನು.

ಕೆಲಸ ಶುರುವಾದದ್ದೇ ಮುಗ್ಗರಿಸಿ. ಬೇಕಾದ ತಂತ್ರಾಂಶಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು ಬಿಲ್ಡ್ ಹಾಕಿದರೆ, ಅಂದರೆ ಬರೆದದ್ದನ್ನು ನಡೆಯುವ ಕಿಟ್ ಆಗಿ ಕಟ್ಟಿಸಹೋದರೆ, ಪರದೆ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ. ವಾರವೆಲ್ಲ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಫೋಲ್ಡರಿನ ಹೆಸರಿನ ನಡುವೆ ಅವನು ಜಾಗ ಬಿಟ್ಟಿದ್ದ. ಫೋಲ್ಡರಿನ ಹೆಸರಲ್ಲಿ ಜಾಗ ಬಿಡಬಾರದೆಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳಿದವನೂ ಅವನೇ.

ಕೊನೆಗೆ ಆಂಡ್ರಾಯ್ಡ್ ಮಾತಾಡಿತು. ಐಫೋನಿನಲ್ಲಿ ನೋಡಲು ಅಕ್ಕ ಲಲಿತಾಳ ಹಳೆಯ ಫೋನನ್ನು ಕೇಳಿ ತಂದ. ಅವಳು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಡಾಕ್ಟರು. ಕಿಟ್ ತಕರಾರಿಲ್ಲದೆ ಬಿಲ್ಡ್ ಆಯಿತು, ಪರದೆಯ ಮೇಲೆ ಹಿಟ್ನಾಳ ಎಂದೂ ಮೂಡಿತು. ದನಿ ಮಾತ್ರ ಹೊರಡಲಿಲ್ಲ.

"ಏನ್ರಿ ಸರ್, ಅವ್ವನ ಫೋನಿಗೆ ಯಾವಾಗ ಹಾಕೋಣ?" ಎಂದು ಮಾಜೀದ ಫೋನಿನಲ್ಲಿ ಕೇಳಿದ.

"ತಡೀಪಾ. ಎರಡು ವ್ಯವಸ್ಥಾ ಕೂಡಿಸೋ ಬ್ರಿಡ್ಜ್ ಇರ್ತೈತಲ್ಲ, ಅದರಾಗ ಭಾಳ ಆಳದ ಸಮಸ್ಯೆ ಐತಿ," ಎಂದ ಗೌರೀಶ. ಹಾಗೆ ಹೇಳುವಾಗ ಅವನಿಗೆ ತನ್ನ ಬಗ್ಗೆ ಸಣ್ಣ ಗೌರವವೂ ಮೂಡಿತು.

ಆ ಬ್ರಿಡ್ಜನ್ನು ಬಿಚ್ಚಿ ಮತ್ತೆ ಕಟ್ಟಿದ. ದನಿಯ ಭಾಗವನ್ನು ಪೂರ್ತಿ ಹೊಸದಾಗಿ ಬರೆದ. ಊಟದ ತಾಟಿನ ಮುಂದೆ ಕೂತು ಗಾಳಿಯಲ್ಲಿ ಬೆರಳಾಡಿಸುವುದನ್ನು ನೋಡಿ ಹೆಂಡತಿ ರೂಪಾ ಮಾತಾಡಿಸುವುದನ್ನೇ ಬಿಟ್ಟಳು. ಅಷ್ಟು ಮಾಡಿದರೂ ಐಫೋನು ತುಟಿ ಬಿಚ್ಚಲಿಲ್ಲ.

ಒಂದು ಭಾನುವಾರ ಊಟಕ್ಕೆ ಬಂದ ಲಲಿತಾ ಮಾಳಿಗೆ ಹತ್ತಿ ಬಂದಳು. ತಮ್ಮ ಗಡ್ಡ ಬಿಟ್ಟಿದ್ದ. ಪರದೆಯ ಮೇಲಿನ ಹಿಟ್ನಾಳದ ಗುಂಡಿ ಒತ್ತಿ ತೋರಿಸಿ, "ನೋಡಕ್ಕ, ಅಕ್ಷರ ಬರ್ತಾವ, ದನಿ ಇಲ್ಲ," ಎಂದ.

ಅವಳು ಫೋನು ಕೈಗೆ ತೆಗೆದುಕೊಂಡು ಬದಿಯಲ್ಲಿದ್ದ ಸಣ್ಣ ಗುಂಡಿಯನ್ನು ಉಗುರಿನಿಂದ ಸರಿಸಿದಳು. "ವಾರ್ಡಿನಾಗ ಸದ್ದಾಗಬಾರ್ದಂತ ಬಂದ್ ಮಾಡಿಟ್ಟಿದ್ದೆ. ಈಗ ಒತ್ತು."

"ಹಿಟ್ನಾಳ ಬಂತು, ಇಳೀರಿ," ಎಂದಿತು ಫೋನು.

ಲಲಿತಾ ಕೆಳಗಿಳಿದು ಹೋದ ಮೇಲೂ ಗೌರೀಶ ಬಹಳ ಹೊತ್ತು ಅಲ್ಲೇ ಕೂತಿದ್ದ. ಮೊದಲು ನಗು ಬಂತು, ಆಮೇಲೆ ಬಿಚ್ಚಿಹಾಕಿದ ಬ್ರಿಡ್ಜ್ ನೆನಪಾಗಿ ನಗು ನಿಂತಿತು. ಪುಣ್ಯಕ್ಕೆ ಹಳೆಯ ಪ್ರತಿ ಉಳಿದಿತ್ತು. ಅದನ್ನೇ ವಾಪಸು ತಂದು, ಫೋನಿನ ಸದ್ದು ಬಂದ್ ಇದ್ದರೂ ಊರ ಹೆಸರು ಕೇಳಿಸುವಂತೆ ಒಂದೇ ಒಂದು ಸಾಲು ಸೇರಿಸಿದ. ಆಮೇಲೆ ಮಾಜೀದನಿಗೆ ಫೋನು ಹಚ್ಚಿದ.

"ಸರಿಹೋತಪಾ."

"ಬ್ರಿಡ್ಜಿನಾಗ ಏನಾಗಿತ್ರಿ ಸರ್?"

ಏನಾದರೂ ದೊಡ್ಡ ಮಾತು ಹೇಳಿ ಮುಗಿಸಬಹುದಿತ್ತು. "ಬ್ರಿಡ್ಜಿನಾಗ ಏನೂ ಇರಲಿಲ್ಲ. ಫೋನಿನ ಸೌಂಡ್ ಬಂದ್ ಇತ್ತು," ಎಂದ.

"ಇರ್ಲಿ ಬಿಡ್ರಿ ಸರ್. ಕಾಲೇಜಿನ್ಯಾಗ ಪ್ರೊಜೆಕ್ಟರ್ ವೈರ್ ಹಾಕದನ ನೀವು ಅರ್ಧ ತಾಸು ಬಡಿದಾಡಿದ್ರಿ, ನಾವು ಯಾರಿಗೂ ಹೇಳಿಲ್ಲ," ಎಂದ ಮಾಜೀದ.

ಮುಂದಿನ ವಾರ ಗೌರೀಶ, ಮಾಜೀದ, ಅವನ ತಾಯಿ ಮೂವರೂ ಗಂಗಾವತಿಯಲ್ಲಿ ಬಸ್ಸು ಹತ್ತಿದರು. ಬಾನುಬೀ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬದಿಗೆ ಕೂತಳು. ಹೆದ್ದಾರಿಯಲ್ಲಿ ಬಸ್ಸು ನಿಧಾನವಾಗುತ್ತಿದ್ದಂತೆ ಹಿಟ್ನಾಳ ಬಂತೆಂದು ಫೋನು ಸ್ಪಷ್ಟವಾಗಿ ಕೂಗಿತು. ಬಾನುಬೀ ಕೋಲು ಹಿಡಿದು ಎದ್ದಳು.

"ಹೇಳೋದು ಖರೇನ ಹೇಳ್ತೈತಿ. ಆದ್ರ ಇಂವ ಯಾರಪಾ, ಹಿಂಗ ಬೈಯಾಕತ್ಯಾನ? ಇಳೀಲಿಲ್ಲಂದ್ರ ಬಡೀತಾನೇನೋ ಅನಸ್ತೈತಿ."

ಮಾಜೀದ ಕಿಟಕಿಯಾಚೆ ನೋಡತೊಡಗಿದ. ಆ ದನಿ ಗೌರೀಶನದು. ತನ್ನ ಕಂಠ ರೇಡಿಯೊದವರಂತಿದೆ ಎಂದು ನಂಬಿ, ಎಲ್ಲ ಊರುಗಳ ಹೆಸರನ್ನೂ ಅವನೇ ರೆಕಾರ್ಡ್ ಮಾಡಿದ್ದ.

"ಬದಲಿ ಮಾಡ್ತೀನ್ರಿ ಅಮ್ಮಾ," ಎಂದ.

ಮರುದಿನ ಮಧ್ಯಾಹ್ನ ರೂಪಾಳನ್ನು ಮೈಕಿನ ಮುಂದೆ ಕೂರಿಸಿದ. ಹೇಗೆ ಹೇಳಬೇಕೆಂದು ತೋರಿಸಲು ಹೋದರೆ, "ನೀವು ಸುಮ್ನ ಕುಂದರ್ರಿ," ಎಂದಳು. ಕುಷ್ಟಗಿ, ಹಿಟ್ನಾಳ, ಅಳವಂಡಿ ಎಲ್ಲ ಅವಳ ಬಾಯಲ್ಲಿ ಮನೆಗೆ ಕರೆದಂತೆ ಕೇಳಿಸಿದವು. ಯಲಬುರ್ಗಾ ಅನ್ನುವಾಗ ಮಾತ್ರ ಕೆಳಗೆ ಕುಕ್ಕರ್ ಸೀಟಿ ಹೊಡೆಯಿತು. ಬೇಳೆ ಹೊತ್ತೀತೆಂದು ಅವಳು ಎದ್ದು ಓಡಿದಳು. ಮತ್ತೊಮ್ಮೆ ಹೇಳು ಎನ್ನುವ ಧೈರ್ಯ ಗೌರೀಶನಿಗೆ ಆಗಲಿಲ್ಲ. ಬಾನುಬೀ ಯಲಬುರ್ಗಾಕ್ಕೆ ಹೋಗುವವಳಲ್ಲ ಎಂದು ಸಮಾಧಾನ ಮಾಡಿಕೊಂಡು, ಸೀಟಿಯ ಸಮೇತ ಬಿಲ್ಡ್ ಹಾಕಿದ.